ಇನ್ನೂರು ಡಾಲರ್ ತೆರಿಗೆ ಮತ್ತು ಬಹೂಪಯೋಗಿ ಸಪ್ರೆಸರ್: ಒಂದು ಅಧ್ಯಯನ

ತೆರಿಗೆಯು ಸರ್ಕಾರದ ಬೊಕ್ಕಸವನ್ನು ತುಂಬುವುದರ ಜೊತೆಗೆ ಸರಕಿನ ಆಕಾರವನ್ನೂ ಬದಲಿಸುತ್ತದೆ ಎಂಬ ಸಂಗತಿ ವಾಣಿಜ್ಯ ವಲಯದವರಿಗೆ ಹೊಸದಲ್ಲ. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗೆ ಮೀರದ ಉದ್ದದ, ನಿಗದಿತ ಸಾಮರ್ಥ್ಯದ ಎಂಜಿನ್ನುಳ್ಳ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಅನಂತರದ ವರ್ಷಗಳಲ್ಲಿ ಹಿಂಬದಿಯ ಡಿಕ್ಕಿಯನ್ನು ಕತ್ತರಿಸಿ ಹಾಕಿದಂತೆ ಕಾಣುವ ಕಾರುಗಳು ನಮ್ಮ ರಸ್ತೆಗಳಿಗೆ ಬಂದವು. ಗ್ರಾಹಕರು ಮೊಟಕು ಡಿಕ್ಕಿಯನ್ನು ಬಯಸಿದ್ದರೆಂದಲ್ಲ, ಸುಂಕದ ಗೆರೆ ಅಲ್ಲಿ ಎಳೆಯಲ್ಪಟ್ಟಿತ್ತು ಎಂಬುದೇ ಅದಕ್ಕೆ ಕಾರಣ.

ಇದೇ ತತ್ತ್ವವು 90 ವರ್ಷಗಳಿಗೂ ಮೀರಿದ ಕಾಲ ಕೆಲಸ ಮಾಡಿದ ಒಂದು ಉದಾಹರಣೆ ಅಮೆರಿಕ ಸಂಯುಕ್ತ ಸಂಸ್ಥಾನದ ಬಂದೂಕು ಉದ್ಯಮದಲ್ಲಿದೆ. ಪಿಸ್ತೂಲು ಮತ್ತು ಸಬ್‌ಮಷಿನ್ ಗನ್ನುಗಳ ನಳಿಗೆಯ ತುದಿಗೆ ಜೋಡಿಸುವ, ಸದ್ದನ್ನು ತಗ್ಗಿಸುವ ಸಪ್ರೆಸರ್ ಎಂಬ ಸಾಧನದ ಕಥೆ ಅದು. ಒಂದೇ ಸಾಧನವು ಹಲವು ಬಂದೂಕುಗಳಿಗೆ ಹೊಂದಬೇಕೆಂಬ ಬೇಡಿಕೆ ಅಲ್ಲಿ ಏಕೆ ಬೆಳೆಯಿತು, ಖರೀದಿದಾರನು ಯಾವ ಲೆಕ್ಕಾಚಾರದಿಂದ ಆಯ್ಕೆ ಮಾಡುತ್ತಾನೆ, 2026ರ ಜನವರಿಯಿಂದ ಆ ಲೆಕ್ಕ ಹೇಗೆ ಬದಲಾಗಿದೆ ಎಂಬುದು ಯಂತ್ರಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳಿಗೂ ಅಧ್ಯಯನಯೋಗ್ಯವಾಗಿದೆ. ಭಾರತದಲ್ಲಿ ಈ ಸಾಧನದ ಸ್ಥಾನಮಾನ ಸಂಪೂರ್ಣ ಭಿನ್ನವಾದುದು. ಆ ವಿಚಾರವನ್ನು ಲೇಖನದ ಕೊನೆಯ ಭಾಗದಲ್ಲಿ ವಿವರಿಸಲಾಗಿದೆ. ಅದನ್ನು ಓದದೆ ಪುಟ ತಿರುಗಿಸಬಾರದೆಂದು ಕಾರ್ಖಾನೆಗಳ ಮಾಲೀಕರಲ್ಲಿ ವಿನಂತಿ.

ಹುಟ್ಟು ಮತ್ತು ಕಾನೂನು

ಸೈಲೆನ್ಸರ್ ಎಂದೊಡನೆ ನಮಗೆ ನೆನಪಾಗುವುದು ಮೋಟಾರ್ ಸೈಕಲ್ಲಿನ ಹೊಗೆಕೊಳವೆ. ಈ ಸಂಬಂಧ ಆಕಸ್ಮಿಕವಲ್ಲ. ಮಷಿನ್ ಗನ್ನಿನ ಜನಕ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್‌ನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್ 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಕಂಪನಿ ಸ್ಥಾಪಿಸಿದನು. ಅದೇ ತತ್ತ್ವದ ಮೇಲೆ ಎಂಜಿನ್ನುಗಳ ಸದ್ದಡಗಿಸುವ ಉಪಕರಣಗಳನ್ನೂ ಆತನ ಕಂಪನಿ ತಯಾರಿಸಿತು. ತಂದೆ ಸದ್ದು ಮಾಡುವುದನ್ನು ಮಾರಿದರೆ ಮಗ ಸದ್ದಡಗಿಸುವುದನ್ನು ಮಾರಿದನು! ಆ ದಿನಗಳಲ್ಲಿ ಸೈಲೆನ್ಸರ್ ಅಂಚೆಯ ಮೂಲಕವೂ ದೊರೆಯುತ್ತಿತ್ತು. ಸಣ್ಣ ಮಾದರಿಯ ಬೆಲೆ ಹತ್ತು ಡಾಲರಿನೊಳಗಿತ್ತು.

1934ರ ಜೂನ್ ತಿಂಗಳಿನಲ್ಲಿ ಅಂಗೀಕೃತವಾದ ರಾಷ್ಟ್ರೀಯ ಬಂದೂಕು ಕಾಯಿದೆಯು ಮಷಿನ್ ಗನ್ನುಗಳ ಜೊತೆಗೆ ಸೈಲೆನ್ಸರನ್ನೂ ತನ್ನ ವ್ಯಾಪ್ತಿಗೆ ತಂದಿತು. ಕಾಯಿದೆಯ ಸ್ವರೂಪ ನಿಷೇಧವಲ್ಲ, ತೆರಿಗೆ. ಸಾಧನವೊಂದು ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾವಣೆಯಾಗುವಾಗ ಪ್ರತಿ ಬಾರಿಯೂ 200 ಡಾಲರ್ ಕಟ್ಟಿ, ಸರ್ಕಾರದ ದಾಖಲೆಯಲ್ಲಿ ನೋಂದಾಯಿಸಿ, ಅನುಮೋದನೆಯ ಗುರುತಾಗಿ ತೆರಿಗೆ ಸ್ಟಾಂಪು ಪಡೆಯಬೇಕು. ಅಂದಿನ ಪ್ರಸಿದ್ಧ ಥಾಂಪ್ಸನ್ ಸಬ್‌ಮಷಿನ್ ಗನ್ನಿನ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಅಂದರೆ ಆ ಗನ್ನಿಗೆ ತೆರಿಗೆ ಸುಮಾರು ನೂರಕ್ಕೆ ನೂರಾದರೆ, ಹತ್ತು ಡಾಲರಿನ ಸೈಲೆನ್ಸರಿಗೆ ಅದು ಬೆಲೆಯ ಇಪ್ಪತ್ತು ಪಟ್ಟಾಯಿತು. ಸರಕು ಹತ್ತಕ್ಕೆ, ಸುಂಕ ಇನ್ನೂರಕ್ಕೆ!

ಮೌಲ್ಯಾಧಾರಿತ ತೆರಿಗೆಗೂ ಒಂದು ನಗಕ್ಕೆ ಇಷ್ಟು ಎಂಬ ನಿಗದಿತ ತೆರಿಗೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಬೋಧಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ನಿಗದಿತ ತೆರಿಗೆಯು ಅಗ್ಗದ ಸರಕನ್ನು ಕೊಂದು ದುಬಾರಿ ಸರಕನ್ನು ಉಳಿಸುತ್ತದೆ. ಪೆಟ್ಟಿಗೆಗೆ ಇಷ್ಟು ಎಂದು ಸಾಗಣೆ ವೆಚ್ಚವಿದ್ದಾಗ ಉತ್ತಮ ದರ್ಜೆಯ ಮಾವು ದೂರದೇಶಕ್ಕೆ ಹೋಗಿ, ಸಾಧಾರಣ ಹಣ್ಣು ಊರಿನ ಸಂತೆಯಲ್ಲಿ ಉಳಿಯುವುದೂ ಇದೇ ಕಾರಣದಿಂದ. 200 ಡಾಲರಿನ ಈ ಮೊತ್ತವನ್ನು ಹಣದುಬ್ಬರಕ್ಕೆ ಅನುಗುಣವಾಗಿ ಎಂದೂ ಏರಿಸಲಿಲ್ಲ. 1934ರ 200 ಡಾಲರ್ ಇಂದಿನ 4,500 ಡಾಲರಿಗೂ ಮೀರಿದ ಮೌಲ್ಯದ್ದು. ಕಾಲ ಸರಿದಂತೆ ತೆರಿಗೆಯ ಭಾರ ತಾನಾಗಿಯೇ ಕರಗುತ್ತ ಬಂದು, ಸಾವಿರ ಡಾಲರ್ ಬೆಲೆಯ ಸಾಧನಕ್ಕೆ ಅದು ಶೇಕಡ 20ಕ್ಕೆ ಇಳಿಯಿತು. ಸಾಧನಗಳ ಮಾರುಕಟ್ಟೆ 2000ದ ನಂತರ ವಿಸ್ತರಿಸಲು ಇದೂ ಒಂದು ಕಾರಣವೆನ್ನಬಹುದು. ಇಂದು 50 ರಾಜ್ಯಗಳ ಪೈಕಿ 42ರಲ್ಲಿ ನಾಗರಿಕರು ಇದನ್ನು ಹೊಂದಲು ಅವಕಾಶವಿದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ಇಲಿನಾಯ್ ಮೊದಲಾದ ಎಂಟು ರಾಜ್ಯಗಳಲ್ಲಿ ಇಲ್ಲ.

ಒಂದೋ ಮೂರೋ?

ಒಬ್ಬ ಖರೀದಿದಾರನ ಬಳಿ 9 ಎಂ.ಎಂ. ಪಿಸ್ತೂಲು, .45 ಕ್ಯಾಲಿಬರಿನ ಪಿಸ್ತೂಲು ಹಾಗೂ 9 ಎಂ.ಎಂ. ಸಬ್‌ಮಷಿನ್ ಗನ್ ಮಾದರಿಯ ಆಯುಧ ಇವೆಯೆಂದು ಭಾವಿಸೋಣ. (1986ರ ಮೇ 19ರ ನಂತರ ನೋಂದಾಯಿತವಾದ ಪೂರ್ಣ ಸ್ವಯಂಚಾಲಿತ ಗನ್ನುಗಳನ್ನು ಅಮೆರಿಕದ ನಾಗರಿಕರು ಹೊಂದುವಂತಿಲ್ಲ. ಆದ್ದರಿಂದ ನಾಗರಿಕರಲ್ಲಿ ಇರುವುದು ಹೆಚ್ಚಾಗಿ ಒಮ್ಮೆಗೆ ಒಂದೇ ಗುಂಡು ಹಾರಿಸುವ ರೂಪಾಂತರಗಳು. ಅಸಲಿ ಸಬ್‌ಮಷಿನ್ ಗನ್ನುಗಳ ಗಿರಾಕಿ ಪೊಲೀಸ್ ಮತ್ತು ಸೇನಾ ಇಲಾಖೆಗಳು.) ಕೆಳಗಿನ ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು.

ಪ್ರತಿ ಆಯುಧಕ್ಕೂ ಪ್ರತ್ಯೇಕ ಸಪ್ರೆಸರ್ ಕೊಂಡರೆ, ತಲಾ 600 ಡಾಲರಿನಂತೆ 1,800. ತೆರಿಗೆ ಮೂರು ಬಾರಿ 600. ಒಟ್ಟು 2,400 ಡಾಲರ್. ಬದಲಾಗಿ .45 ಅಳತೆಯ ಒಂದೇ ಬಹೂಪಯೋಗಿ ಸಾಧನವನ್ನು 900 ಡಾಲರಿಗೆ ಕೊಂಡು, ಎರಡು ಪಿಸ್ತೂಲುಗಳಿಗೆ ತಲಾ 90ರ ಪಿಸ್ಟನ್, 60ರ ಒಂದು ಸ್ಪೇಸರ್, ಸಬ್‌ಮಷಿನ್ ಗನ್ನಿಗೆ 120ರ ಜೋಡಣೆ ತುಣುಕು ಕೊಂಡರೆ 1,260. ತೆರಿಗೆ ಒಮ್ಮೆ ಮಾತ್ರ 200. ಒಟ್ಟು 1,460 ಡಾಲರ್. ಉಳಿತಾಯ 940 ಡಾಲರ್. ಇದರಲ್ಲಿ 400 ಡಾಲರ್ ಕೇವಲ ತೆರಿಗೆಯಿಂದ ಬಂದ ಉಳಿತಾಯ ಎಂಬುದನ್ನು ಗಮನಿಸಬೇಕು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವೂ ಅಡಗಿದೆ. ಅಮೆರಿಕದ ಕಾನೂನಿನ ಪ್ರಕಾರ ಸದ್ದಡಗಿಸುವ ಒಳಭಾಗಗಳು, ಅಂದರೆ ಬ್ಯಾಫಲ್ ಎಂದು ಕರೆಯಲಾಗುವ ಬಿಲ್ಲೆಗಳು, ಬಿಡಿಬಿಡಿಯಾಗಿಯೂ ‘ಸೈಲೆನ್ಸರ್’ ಎಂದೇ ಪರಿಗಣಿತವಾಗುತ್ತವೆ. ಗ್ರಾಹಕನು ಹೆಚ್ಚುವರಿ ಬ್ಯಾಫಲನ್ನು ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದರೆ ಸಾಧನವನ್ನು ನಳಿಗೆಗೆ ಜೋಡಿಸುವ ಪಿಸ್ಟನ್, ಸ್ಪೇಸರ್, ಮೌಂಟ್ ಇತ್ಯಾದಿಗಳಿಗೆ ಈ ನಿರ್ಬಂಧವಿಲ್ಲ; ಅವು ಸಾಮಾನ್ಯ ಬಿಡಿಭಾಗಗಳಂತೆ ಅಂಗಡಿಯಲ್ಲಿ ಮಾರಾಟವಾಗುತ್ತವೆ. ತಯಾರಕರು ಇದನ್ನು ಅರಿತರು. ತೆರಿಗೆ ಬೀಳುವ ಭಾಗವನ್ನು ಒಂದೇ ಒಂದಾಗಿಸಿ, ತೆರಿಗೆ ಬೀಳದ ಭಾಗಗಳಲ್ಲಿ ವೈವಿಧ್ಯ ತಂದರು. ಇಂದಿನ ಬಹೂಪಯೋಗಿ ಸಪ್ರೆಸರಿನ ವಿನ್ಯಾಸವನ್ನು ಎಂಜಿನಿಯರನಷ್ಟೇ ತೆರಿಗೆ ಕಾನೂನೂ ರೂಪಿಸಿದೆ.

ಆಯ್ಕೆಯ ತಾಂತ್ರಿಕ ಅಂಶಗಳು

ಗುಂಡು ಹಾರಿದಾಗ ಅದರ ಹಿಂದೆ ನಳಿಗೆಯಿಂದ ಬಿಸಿ ಅನಿಲವು ಅಧಿಕ ಒತ್ತಡದಲ್ಲಿ ಹೊರನುಗ್ಗುತ್ತದೆ. ಆ ಅನಿಲವನ್ನು ಕೊಳವೆಯೊಳಗಿನ ಕೋಣೆಗಳಲ್ಲಿ ತಡೆದು, ಹಿಗ್ಗಲು ಅವಕಾಶ ಕೊಟ್ಟು, ತಣಿಸಿ, ನಿಧಾನವಾಗಿ ಹೊರಬಿಡುವುದೇ ಸಪ್ರೆಸರಿನ ಕೆಲಸ. ಚಲನಚಿತ್ರಗಳಲ್ಲಿ ತೋರಿಸುವಂತೆ ಸದ್ದು ಪೂರ್ಣವಾಗಿ ಅಡಗುವುದಿಲ್ಲ. 9 ಎಂ.ಎಂ. ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬಲ್. ಒಳ್ಳೆಯ ಸಪ್ರೆಸರ್ ಅದನ್ನು 125ರಿಂದ 135ರ ಮಟ್ಟಕ್ಕೆ ಇಳಿಸುತ್ತದೆ. ಹಠಾತ್ ಸದ್ದಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಹಾಕಿರುವ ಮಿತಿ 140 ಡೆಸಿಬಲ್. ಡೆಸಿಬಲ್ ಮಾಪನವು ಲಾಗರಿದಮ್ ಆಧಾರಿತವಾದ್ದರಿಂದ 30 ಡೆಸಿಬಲ್ ಇಳಿಕೆ ಎಂದರೆ ಶಬ್ದದ ಒತ್ತಡವು ಮೂವತ್ತರಲ್ಲಿ ಒಂದು ಪಾಲಿಗೆ ಇಳಿದಂತೆ. ತರಬೇತಿ ಮೈದಾನದಲ್ಲಿ ದಿನವಿಡೀ ನಿಲ್ಲುವ ಬೋಧಕನ ಕಿವಿಗೆ ಈ ಅಂತರ ಮಹತ್ವದ್ದು. ಒಮ್ಮೆ ಹೋದ ಶ್ರವಣಶಕ್ತಿ ಯಾವ ವಿಮೆಯಿಂದಲೂ ಮರಳಿ ಬರುವುದಿಲ್ಲ. ಆದರೂ ಸಪ್ರೆಸರ್ ಇದ್ದಾಗ್ಯೂ ಕಿವಿ ರಕ್ಷಕ ಧರಿಸುವುದೇ ವಿವೇಕ.

ಮೊದಲ ಪ್ರಶ್ನೆ ಕ್ಯಾಲಿಬರಿನದು. ದೊಡ್ಡ ರಂಧ್ರದ ಸಾಧನದಲ್ಲಿ ಸಣ್ಣ ಗುಂಡು ಹಾದುಹೋಗಬಲ್ಲುದು, ತದ್ವಿರುದ್ಧ ಸಾಧ್ಯವಿಲ್ಲ. ಆದಕಾರಣ .45ಕ್ಕೆ ತಯಾರಾದ ಸಾಧನ 9 ಎಂ.ಎಂ.ಗೂ ನಡೆಯುತ್ತದೆ. ಸಣ್ಣ ಗುಂಡಿನ ಸುತ್ತ ಹೆಚ್ಚು ಅನಿಲ ನುಸುಳುವುದರಿಂದ ಸದ್ದು ಕೆಲವು ಡೆಸಿಬಲ್ ಹೆಚ್ಚಾಗುತ್ತದೆ, ಸಾಧನದ ತೂಕ ಮತ್ತು ಗಾತ್ರವೂ ಹೆಚ್ಚು. .45 ಆಯುಧವನ್ನು ಎಂದಿಗೂ ಕೊಳ್ಳುವ ಯೋಚನೆ ಇಲ್ಲದವನು ‘ಮುಂದೆ ಬೇಕಾದೀತು’ ಎಂದು ದೊಡ್ಡದನ್ನು ಕೊಳ್ಳುವುದು, ಎರಡು ಟನ್ ಸರಕಿಗೆ ಹತ್ತು ಟನ್ನಿನ ಲಾರಿ ಕೊಂಡಂತಾಗುತ್ತದೆ. ಪ್ರತಿ ಬಳಕೆಯಲ್ಲೂ ಆ ಹೆಚ್ಚುವರಿ ತೂಕದ ಬಾಡಿಗೆಯನ್ನು ಕೈ ಕಟ್ಟುತ್ತಿರುತ್ತದೆ.

ಎರಡನೆಯದು, ಮತ್ತು ಪಿಸ್ತೂಲು ಹಾಗೂ ಸಬ್‌ಮಷಿನ್ ಗನ್ ಎರಡಕ್ಕೂ ಒಂದೇ ಸಾಧನ ಬಳಸಬಯಸುವವರು ತಪ್ಪದೆ ತಿಳಿಯಬೇಕಾದುದು, ಬೂಸ್ಟರ್ ಎಂಬ ಭಾಗದ ವಿಚಾರ. ಇಂದಿನ ಬಹುಪಾಲು 9 ಎಂ.ಎಂ. ಮತ್ತು .45 ಪಿಸ್ತೂಲುಗಳು ಜಾನ್ ಬ್ರೌನಿಂಗ್ ರೂಪಿಸಿದ ಪದ್ಧತಿಯನ್ನು ಅನುಸರಿಸುತ್ತವೆ. ಗುಂಡು ಹಾರಿದ ಕ್ಷಣದಲ್ಲಿ ನಳಿಗೆಯೂ ಮೇಲಿನ ಸ್ಲೈಡೂ ಒಟ್ಟಿಗೆ ಸ್ವಲ್ಪ ಹಿಂದೆ ಸರಿದು, ನಂತರ ನಳಿಗೆ ಹಿಂಬದಿಯಲ್ಲಿ ಕೆಳಗೆ ಬಾಗಿ ಬೇರ್ಪಡುತ್ತದೆ. ಇಂಥ ಚಲಿಸುವ ನಳಿಗೆಯ ತುದಿಗೆ ಕಾಲು ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚಿನ ತೂಕವನ್ನು ಬಿಗಿಯಾಗಿ ತೂಗುಹಾಕಿದರೆ, ಅದು ಹಿಂದೆ ಸರಿಯಲು ಶಕ್ತಿ ಸಾಲದೆ ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತದೆ. ಬೂಸ್ಟರಿನಲ್ಲಿರುವ ಪಿಸ್ಟನ್ ಮತ್ತು ಸ್ಪ್ರಿಂಗ್ ಆ ಕ್ಷಣದಲ್ಲಿ ಸಾಧನದ ತೂಕವನ್ನು ನಳಿಗೆಯಿಂದ ಬಿಡಿಸುತ್ತವೆ. ಸಾಧನ ತನ್ನ ಜಡತ್ವದಿಂದ ಇದ್ದಲ್ಲಿಯೇ ಇರುತ್ತದೆ, ನಳಿಗೆ ಹಿಂದೆ ಹೋಗಿ ಬರುತ್ತದೆ. ರೈಲು ಎಂಜಿನ್ ಒಮ್ಮೆಲೇ ಎಲ್ಲ ಬೋಗಿಗಳನ್ನೂ ಎಳೆಯದೆ, ಕೊಂಡಿಗಳ ನಡುವಿನ ಸಡಿಲದಿಂದಾಗಿ ಒಂದೊಂದಾಗಿ ಎಳೆಯುವುದನ್ನು ಇದಕ್ಕೆ ಹೋಲಿಸಬಹುದು.

ಸಬ್‌ಮಷಿನ್ ಗನ್ನುಗಳಲ್ಲಿ ಸಾಮಾನ್ಯವಾಗಿ ನಳಿಗೆ ಅಲುಗಾಡುವುದಿಲ್ಲ. ಅಲ್ಲಿ ಬೂಸ್ಟರಿನ ಸ್ಪ್ರಿಂಗಿಗೆ ಯಾವ ಕೆಲಸವೂ ಇಲ್ಲ. ಕೆಲಸವಿಲ್ಲದಿದ್ದರೂ ಅದು ಸುಮ್ಮನಿರುವುದಿಲ್ಲ. ಪ್ರತಿ ಗುಂಡಿಗೂ ಸಾಧನವು ಮುಂದಕ್ಕೂ ಹಿಂದಕ್ಕೂ ಬಡಿದಾಡಿ ಸವೆಯುತ್ತದೆ, ನಿಖರತೆಯೂ ಕೆಡುತ್ತದೆ. ಆದ್ದರಿಂದ ಸ್ಥಿರ ನಳಿಗೆಯ ಆಯುಧಕ್ಕೆ ಜೋಡಿಸುವಾಗ ಸ್ಪ್ರಿಂಗನ್ನು ತೆಗೆದು ಅದರ ಸ್ಥಳದಲ್ಲಿ ಸ್ಪೇಸರ್ ಎಂಬ ಗಟ್ಟಿ ಉಂಗುರವನ್ನು ಹಾಕಬೇಕು, ಇಲ್ಲವೇ ಬೂಸ್ಟರನ್ನೇ ಕಳಚಿ ಸ್ಥಿರ ಮೌಂಟ್ ಹಾಕಬೇಕು. ‘ಬಹೂಪಯೋಗಿ’ ಎಂಬ ಹೆಸರಿನಲ್ಲಿ ಮಾರುವ ಸಾಧನದಲ್ಲಿ ಈ ಬದಲಾವಣೆ ಸುಲಭವಾಗಿ ಆಗುತ್ತದೆಯೇ, ಬದಲಿ ಭಾಗಗಳು ಪೆಟ್ಟಿಗೆಯಲ್ಲಿಯೇ ಬರುತ್ತವೆಯೇ, ಪ್ರತ್ಯೇಕ ಹಣ ಕೊಡಬೇಕೇ ಎಂದು ವಿಚಾರಿಸದೆ ಕೊಂಡವರು ನಂತರ ಪರಿತಪಿಸುತ್ತಾರೆ. ಪಟ್ಟಿಬೆಲೆ ಬೇರೆ, ಕೈಗೆ ಬಂದು ಕೆಲಸಕ್ಕೆ ಬೀಳುವ ಹೊತ್ತಿನ ವೆಚ್ಚ ಬೇರೆ ಎಂಬುದನ್ನು ಯಂತ್ರ ಖರೀದಿಸಿದ ಯಾವ ಉದ್ಯಮಿಗೂ ಹೇಳಿಕೊಡಬೇಕಾಗಿಲ್ಲ.

ಜೋಡಣೆಯ ಅಳತೆಗಳೂ ಏಕರೂಪವಾಗಿಲ್ಲ. ಅಮೆರಿಕದ 9 ಎಂ.ಎಂ. ನಳಿಗೆಗಳಲ್ಲಿ ಅರ್ಧ ಇಂಚು ವ್ಯಾಸದ, ಇಂಚಿಗೆ 28 ಥ್ರೆಡ್ಡಿನ ಪದ್ಧತಿ ರೂಢಿಯಲ್ಲಿದೆ. ಯೂರೋಪಿನ ಹಲವು ಪಿಸ್ತೂಲುಗಳಲ್ಲಿ 13.5 ಮಿಲಿಮೀಟರ್ ವ್ಯಾಸದ ಎಡಗೈ ಥ್ರೆಡ್ ಇರುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ರೀತಿ. .45ರಲ್ಲಿ .578 ಇಂಚು ವ್ಯಾಸದ, ಇಂಚಿಗೆ 28 ಥ್ರೆಡ್ಡಿನದು ಸಾಮಾನ್ಯ. ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿಯ ಎಂ.ಪಿ.5 ಸಬ್‌ಮಷಿನ್ ಗನ್ನಿನ ನಳಿಗೆಯಲ್ಲಿ ಮೂರು ಸಣ್ಣ ಗುಬುಟುಗಳಿದ್ದು, ಸಾಧನವನ್ನು ಒತ್ತಿ ತಿರುಗಿಸಿದರೆ ಬಲ್ಬಿನಂತೆ ಕೂರುತ್ತದೆ. ಸ್ವಿಟ್ಜರ್ಲೆಂಡಿನ ಬಿ ಅಂಡ್ ಟಿ ಕಂಪನಿಯ ಎ.ಪಿ.ಸಿ.9 ಸರಣಿಯಲ್ಲಿಯೂ ಇದೇ ಮೂರು ಗುಬುಟುಗಳ ಕ್ರಮ ಬಳಕೆಯಲ್ಲಿದೆ. (1991ರಲ್ಲಿ ಸಪ್ರೆಸರ್ ತಯಾರಿಕೆಯಿಂದಲೇ ಆರಂಭವಾದ ಈ ಸಣ್ಣ ಕಂಪನಿಯಿಂದ 2019ರಲ್ಲಿ ಅಮೆರಿಕದ ಭೂಸೇನೆ 350 ಸಬ್‌ಮಷಿನ್ ಗನ್ನುಗಳನ್ನು ಖರೀದಿಸಿತು, ಬಿಡಿಭಾಗ ತಯಾರಕರು ಪೂರ್ಣ ಉತ್ಪನ್ನದತ್ತ ಬೆಳೆದ ನಿದರ್ಶನವಾಗಿ ಇದನ್ನು ನೆನಪಿಡಬಹುದು.) ಥ್ರೆಡ್ ತಪ್ಪಿ ಸಾಧನ ಓರೆಯಾಗಿ ಕುಳಿತರೆ ಹಾರುವ ಗುಂಡು ಒಳಗಿನ ಬಿಲ್ಲೆಗೆ ಬಡಿದು ಸಾಧನವೇ ಹಾಳಾಗುತ್ತದೆ, ಬಳಸುವವನಿಗೂ ಅಪಾಯ. ಒಂದು ಕಂಪನಿಯ ಪಿಸ್ಟನ್ ಇನ್ನೊಂದರ ಸಾಧನಕ್ಕೆ ಕೂಡುವುದೆಂದು ಭರವಸೆಯೂ ಇಲ್ಲ.

ಉದ್ದ ಮತ್ತು ತೂಕ ಪರಸ್ಪರ ಜಗ್ಗಾಡುವ ಅಂಶಗಳು. ಕೊಳವೆ ಉದ್ದವಾದಷ್ಟೂ ಅನಿಲಕ್ಕೆ ಸ್ಥಳ ಹೆಚ್ಚು, ಸದ್ದು ಕಡಿಮೆ. ಆದರೆ ಪಿಸ್ತೂಲಿನ ತೋಲನ ಕೆಡುತ್ತದೆ. ರಗ್ಗಡ್ ಕಂಪನಿಯ ಆಬ್ಸಿಡಿಯನ್ 45, ಡೆಡ್ ಏರ್ ಕಂಪನಿಯ ಗೋಸ್ಟ್-ಎಂ ಮುಂತಾದ ಮಾದರಿಗಳಲ್ಲಿ ಮುಂಭಾಗದ ಒಂದು ತುಂಡನ್ನು ಕಳಚಿ ಸಾಧನವನ್ನು ಗಿಡ್ಡ ಮಾಡಿಕೊಳ್ಳಬಹುದು. ಪಿಸ್ತೂಲಿಗೆ ಗಿಡ್ಡ, ಸಬ್‌ಮಷಿನ್ ಗನ್ನಿಗೆ ಉದ್ದ. ಎರಡು ರೂಪಕ್ಕೂ ಸೇರಿ ನೋಂದಣಿ ಸಂಖ್ಯೆ ಒಂದೇ, ಹಾಗಾಗಿ ತೆರಿಗೆಯೂ ಒಂದೇ ಆಗಿತ್ತು. ತೆರಿಗೆ ರೂಪಿಸಿದ ವಿನ್ಯಾಸಕ್ಕೆ ಇದು ಎರಡನೆಯ ಸಾಕ್ಷಿ.

ಲೋಹದ ವಿಷಯವನ್ನು ನಮ್ಮ ಲೇತು ಕೆಲಸಗಾರರು ಬೇಗ ಗ್ರಹಿಸುತ್ತಾರೆ. ಅಲ್ಯೂಮಿನಿಯಂ ಹಗುರ, ಆದರೆ ಸತತ ಗುಂಡಿನ ಬಿಸಿಯನ್ನು ತಾಳದು. ಟೈಟಾನಿಯಂ ಹಗುರವೂ ಗಟ್ಟಿಯೂ ಹೌದು, ದುಬಾರಿ. 17-4 ದರ್ಜೆಯ ಸ್ಟೇನ್‌ಲೆಸ್ ಉಕ್ಕು ತೂಕದ್ದು, ಬಾಳಿಕೆಯದು. ಪಿಸ್ತೂಲಿಗೆ ಮಾತ್ರವಾದರೆ ಹಗುರ ಲೋಹ ಸಾಕು. ಸಬ್‌ಮಷಿನ್ ಗನ್ನಿಗೂ ಬೇಕೆಂದರೆ ಸ್ವಯಂಚಾಲಿತ ಬಳಕೆಗೆ ತಯಾರಕರು ಲಿಖಿತ ಒಪ್ಪಿಗೆ ಕೊಟ್ಟಿರುವ ಮಾದರಿಯನ್ನೇ ಆರಿಸಬೇಕು. ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಅಲ್ಲದೆ, ಸಪ್ರೆಸರ್ ಅನಿಲವನ್ನು ತಡೆಹಿಡಿಯುವುದರಿಂದ ಸರಳ ಬ್ಲೋಬ್ಯಾಕ್ ಪದ್ಧತಿಯ ಗನ್ನುಗಳಲ್ಲಿ ಬೋಲ್ಟಿನ ವೇಗ ಹೆಚ್ಚಿ, ಭಾಗಗಳು ಬೇಗ ಸವೆಯುತ್ತವೆ. ಮಸಿ ಮತ್ತು ಹೊಗೆ ಬಳಸುವವನ ಮುಖದತ್ತ ಬರುತ್ತವೆ.

ಕಾಡತೂಸನ್ನು ಮರೆಯುವಂತಿಲ್ಲ. 20 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀರಿ ಓಡುವ ಗುಂಡು ಗಾಳಿಯಲ್ಲಿ ತನ್ನದೇ ಆದ ಚಟೀರ್ ಸದ್ದು ಮಾಡುತ್ತದೆ. ನಳಿಗೆಯ ತುದಿಯಲ್ಲಿರುವ ಯಾವ ಸಾಧನವೂ ಅದನ್ನು ತಡೆಯಲಾರದು. 9 ಎಂ.ಎಂ.ನಲ್ಲಿ 115 ಗ್ರೇನಿನ ಹಗುರ ಗುಂಡು ಸಾಮಾನ್ಯವಾಗಿ ಈ ಗಡಿ ದಾಟುತ್ತದೆ. 147 ಗ್ರೇನಿನ ಭಾರದ ಗುಂಡು ಸುಮಾರು 300 ಮೀಟರಿನಲ್ಲಿ ಉಳಿಯುತ್ತದೆ. .45ರ ಸಾಮಾನ್ಯ ಗುಂಡು ಸ್ವಭಾವತಃ ನಿಧಾನ. ಎಂ.ಪಿ.5ರ ಎಸ್.ಡಿ. ಮಾದರಿಯಲ್ಲಿ ನಳಿಗೆಗೇ ರಂಧ್ರಗಳನ್ನು ಕೊರೆದು, ಸಪ್ರೆಸರನ್ನು ಆಯುಧದ ಅಂಗವಾಗಿಯೇ ಮಾಡಿ, ಸಾಮಾನ್ಯ ಗುಂಡಿನ ವೇಗವನ್ನೂ ತಗ್ಗಿಸಲಾಗಿದೆ. ಉತ್ಕೃಷ್ಟ ಸಾಧನ, ಆದರೆ ಬೇರೆ ಯಾವ ಗನ್ನಿಗೂ ಬಾರದು. ಬಹೂಪಯೋಗದ ತೀರ ವಿರುದ್ಧ ತುದಿ ಅದು.

ತಯಾರಕನ ಆಯಸ್ಸು

ಲೆಕ್ಕಪರಿಶೋಧಕರು ಯಾವುದೇ ಕಂಪನಿಯ ಲೆಕ್ಕಪತ್ರಕ್ಕೆ ಸಹಿ ಹಾಕುವ ಮುನ್ನ, ಆ ಕಂಪನಿ ಮುಂದುವರಿದು ನಡೆಯುವ ಸಂಸ್ಥೆಯೇ ಎಂದು ಪರಿಶೀಲಿಸುತ್ತಾರೆ. ಸಪ್ರೆಸರ್ ಕೊಳ್ಳುವವನೂ ಇದನ್ನು ಕೇಳಿಕೊಳ್ಳಬೇಕಾಗಿದೆ. ಒಳಗಿನ ಬ್ಯಾಫಲ್ ಕೆಟ್ಟರೆ ಗ್ರಾಹಕ ತಾನೇ ಬದಲಿಸುವಂತಿಲ್ಲ. ಪರವಾನಗಿಯುಳ್ಳ ತಯಾರಕನಿಗೇ ಕಳುಹಿಸಬೇಕು. ತಯಾರಕನೇ ಇಲ್ಲವಾದರೆ? ಅಡ್ವಾನ್ಸ್ಡ್ ಆರ್ಮಮೆಂಟ್ ಎಂಬ ಹೆಸರಾಂತ ಸಪ್ರೆಸರ್ ಕಂಪನಿಯನ್ನು 2009ರಲ್ಲಿ ರೆಮಿಂಗ್ಟನ್ ಸಮೂಹ ಖರೀದಿಸಿತು. ರೆಮಿಂಗ್ಟನ್ 2018ರಲ್ಲಿಯೂ 2020ರಲ್ಲಿಯೂ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಎರಡನೆಯ ಬಾರಿ ಬ್ರಾಂಡುಗಳು ಬೇರೆ ಬೇರೆಯವರಿಗೆ ಹರಾಜಾದವು. ದಿವಾಳಿ ಪ್ರಕ್ರಿಯೆಯಲ್ಲಿ ಆಸ್ತಿ ಕೊಳ್ಳುವವನು ಹಳೆಯ ವಾರಂಟಿಯ ಹೊಣೆಯನ್ನು ಹೊರಲೇಬೇಕೆಂದೇನೂ ಇಲ್ಲ. ‘ಜೀವಮಾನ ವಾರಂಟಿ’ ಎಂಬ ಮಾತಿನಲ್ಲಿ ಯಾರ ಜೀವಮಾನ ಎಂಬ ಪ್ರಶ್ನೆ ಸದಾ ತೆರೆದಿರುತ್ತದೆ.

ಒಡೆತನದ ರೂಪವೂ ಬಹೂಪಯೋಗಕ್ಕೆ ಸೇರಿದ್ದೇ. ವ್ಯಕ್ತಿಯ ಹೆಸರಿನಲ್ಲಿ ನೋಂದಾಯಿಸಿದ ಸಾಧನವನ್ನು ಆ ವ್ಯಕ್ತಿಯ ಗೈರುಹಾಜರಿಯಲ್ಲಿ ಮನೆಯವರು ಬಳಸುವಂತಿಲ್ಲ. ಹೀಗಾಗಿ ಅಲ್ಲಿ ಟ್ರಸ್ಟ್ ರಚಿಸಿ ಅದರ ಹೆಸರಿನಲ್ಲಿ ಕೊಳ್ಳುವ ರೂಢಿ ಬೆಳೆಯಿತು, ಟ್ರಸ್ಟಿಗಳೆಲ್ಲರೂ ಬಳಸಬಹುದು. 2016ರ ಜುಲೈ ತಿಂಗಳಿನಿಂದ ಟ್ರಸ್ಟಿನ ಜವಾಬ್ದಾರಿಯುತ ವ್ಯಕ್ತಿಗಳೆಲ್ಲರೂ ಬೆರಳಚ್ಚು ಮತ್ತು ಭಾವಚಿತ್ರ ಸಲ್ಲಿಸಬೇಕೆಂಬ ನಿಯಮ ಬಂದು ಆ ಸಡಿಲಿಕೆ ಬಿಗಿಯಾಯಿತು.

2026ರ ಬದಲಾವಣೆ

2025ರ ಜುಲೈ 4ರಂದು ಸಹಿಯಾದ ಬೃಹತ್ ತೆರಿಗೆ ಮಸೂದೆಯು ಸಪ್ರೆಸರ್ ಮೇಲಿನ 200 ಡಾಲರನ್ನು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಿತು. ಮಷಿನ್ ಗನ್ನುಗಳಿಗೆ ಹಳೆಯ ತೆರಿಗೆಯೇ ಮುಂದುವರಿದಿದೆ. ಸಪ್ರೆಸರಿಗೂ ನೋಂದಣಿ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ, ಪೂರ್ವಾನುಮೋದನೆ ಯಾವುದೂ ರದ್ದಾಗಿಲ್ಲ. ಹೋದದ್ದು ಹಣ, ಉಳಿದದ್ದು ಕಾಗದಪತ್ರ.

ಮೇಲಿನ ಲೆಕ್ಕವನ್ನು ಮತ್ತೆ ಹಾಕಿದರೆ, ಮೂರು ಪ್ರತ್ಯೇಕ ಸಾಧನಗಳಿಗೆ 1,800, ಒಂದು ಬಹೂಪಯೋಗಿಗೆ 1,260. ಅಂತರ 940ರಿಂದ 540ಕ್ಕೆ ಇಳಿಯಿತು. ಪಿಸ್ತೂಲಿಗೆ ಮಾತ್ರ ಹೊಂದುವ ಸಣ್ಣ, ಹಗುರ, ಅಗ್ಗದ ಸಾಧನ ಮತ್ತೆ ಲಾಭದಾಯಕವಾಗುವ ಹಾದಿ ತೆರೆದಿದೆ. 300 ಡಾಲರಿನ ಸಾಧನಕ್ಕೆ 200 ತೆರಿಗೆ ಕಟ್ಟಲು ಹಿಂಜರಿಯುತ್ತಿದ್ದ ಗಿರಾಕಿ ಈಗ ಕೊಂಡಾನು. ಬಹೂಪಯೋಗಿ ಮಾದರಿಗಳಿಗಾಗಿಯೇ ಯಂತ್ರಗಳನ್ನೂ ದಾಸ್ತಾನನ್ನೂ ಸಜ್ಜುಗೊಳಿಸಿದ ತಯಾರಕನಿಗೆ ಇದು ಪರೀಕ್ಷೆಯ ಕಾಲ. ಆದರೆ ಪ್ರತಿ ಸಾಧನಕ್ಕೂ ಅರ್ಜಿಯ ಶ್ರಮ ಇರುವವರೆಗೆ, ಒಂದರಲ್ಲೇ ಹಲವು ಕೆಲಸ ತೆಗೆಯುವ ಆಸೆ ಪೂರ್ತಿ ಸಾಯಲಾರದು. ತಯಾರಕರೂ ವಿತರಕರೂ ಪ್ರತ್ಯೇಕವಾಗಿ ಕಟ್ಟುವ ವಾರ್ಷಿಕ ವೃತ್ತಿ ತೆರಿಗೆಯೂ ಹಾಗೆಯೇ ಇದೆ: ತಯಾರಕರಿಗೆ 1,000 ಡಾಲರ್, ವಾರ್ಷಿಕ ವಹಿವಾಟು ಐದು ಲಕ್ಷ ಡಾಲರಿಗಿಂತ ಕಡಿಮೆ ಇರುವವರಿಗೆ 500, ವಿತರಕರಿಗೆ 500. ಸಣ್ಣ ಉದ್ಯಮಕ್ಕೆ ರಿಯಾಯಿತಿ ನೀಡುವ ಕ್ರಮ ಅಲ್ಲಿಯೂ ಉಂಟು.

ನಮ್ಮ ಕಾರ್ಖಾನೆಗಳಿಗೆ ಸಂಬಂಧಿಸಿದಂತೆ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 2ನೇ ಪ್ರಕರಣವು ‘ಬಂದೂಕು’ ಎಂಬ ಪದದ ವ್ಯಾಖ್ಯೆಯೊಳಗೇ, ಬಂದೂಕಿನ ಸದ್ದನ್ನು ಅಥವಾ ಕಿಡಿಯನ್ನು ತಗ್ಗಿಸಲು ರೂಪಿಸಿದ ಉಪಸಾಧನಗಳನ್ನೂ, ಬಂದೂಕಿನ ಬಿಡಿಭಾಗಗಳನ್ನೂ, ಅವನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಅಂದರೆ ಗುಂಡೇ ಹಾರಿಸಲಾಗದ ಒಂದು ಖಾಲಿ ಕೊಳವೆ ಕಾನೂನಿನ ದೃಷ್ಟಿಯಲ್ಲಿ ಬಂದೂಕು. ತಯಾರಿಕೆ, ಮಾರಾಟ, ದುರಸ್ತಿಗೆ 5ನೇ ಪ್ರಕರಣದ ಪರವಾನಗಿ ಬೇಕು. ಆಮದು ಮತ್ತು ರಫ್ತಿಗೆ 10ನೇ ಪ್ರಕರಣದ್ದು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ.

ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ವಿದೇಶಗಳಿಂದ ನಕ್ಷೆ ಸಹಿತ ವಿಚಾರಣೆಗಳು ಬರುವುದು ಇಂದು ಸಾಮಾನ್ಯ. ಅಮೆರಿಕದಲ್ಲಿ ಬಂದೂಕು ಶುಚಿಗೊಳಿಸುವ ದ್ರಾವಣ ಹಿಡಿಯುವ ಕೊಳವೆ, ಇಂಧನ ಶೋಧಕ ಎಂಬ ಹೆಸರುಗಳಲ್ಲಿ ಸಪ್ರೆಸರಿನ ಭಾಗಗಳು ಮಾರಾಟವಾದದ್ದುಂಟು. ಅಲ್ಲಿನ ಅಧಿಕಾರಿಗಳು ಅವನ್ನು ಸೈಲೆನ್ಸರ್ ಎಂದೇ ಪರಿಗಣಿಸಿ ಜಪ್ತಿ ಮಾಡಿದ್ದಾರೆ. ಅಂಗೈಯಗಲದ ಥ್ರೆಡ್ಡುಳ್ಳ ಕೊಳವೆ, ಒಳಗೆ ಸಾಲಾಗಿ ಕೂರುವ ಶಂಕುವಿನಾಕಾರದ ಬಟ್ಟಲುಗಳು, ತುದಿಯಲ್ಲಿ ಅರ್ಧ ಇಂಚು ವ್ಯಾಸದ, ಇಂಚಿಗೆ 28 ಥ್ರೆಡ್ಡಿನ ಅಥವಾ 13.5 ಮಿಲಿಮೀಟರ್ ಎಡಗೈ ಥ್ರೆಡ್ಡಿನ ಕಿಂಡಿ: ಇಂಥ ನಕ್ಷೆ ಬಂದಲ್ಲಿ, ಪತ್ರದಲ್ಲಿ ಅದಕ್ಕೆ ಯಾವ ಹೆಸರಿದ್ದರೂ, ಮಾದರಿ ತುಣುಕನ್ನು ಕೂಡ ತಿರುಗಿಸದೆ ಮೊದಲು ಅಂತಿಮ ಬಳಕೆಯ ಬಗ್ಗೆ ಲಿಖಿತ ಘೋಷಣೆ ಕೇಳುವುದು ಕ್ಷೇಮ. ಉತ್ತರ ಬಾರದಿದ್ದರೆ ಅದೇ ಉತ್ತರ.

ಕ್ರಮಬದ್ಧವಾಗಿ ಈ ಕ್ಷೇತ್ರವನ್ನು ಪ್ರವೇಶಿಸಬಯಸುವವರಿಗೆ ಬಾಗಿಲು ಮುಚ್ಚಿಲ್ಲ. ರಕ್ಷಣಾ ಉತ್ಪಾದನೆ 2001ರಲ್ಲಿಯೇ ಖಾಸಗಿ ವಲಯಕ್ಕೆ ತೆರೆದುಕೊಂಡಿದೆ. ಡಿ.ಆರ್.ಡಿ.ಒ. ಮತ್ತು ಭೂಸೇನೆಯ ಸಹಯೋಗದಲ್ಲಿ ರೂಪುಗೊಂಡ 9 ಎಂ.ಎಂ.ನ ಅಸ್ಮಿ ಸಬ್‌ಮಷಿನ್ ಗನ್ನನ್ನು ತಯಾರಿಸುತ್ತಿರುವುದು ಯಂತ್ರೋಪಕರಣಗಳ ಹಿನ್ನೆಲೆಯುಳ್ಳ ಹೈದರಾಬಾದಿನ ಲೋಕೇಶ್ ಮಷೀನ್ಸ್; 2024ರಲ್ಲಿ ಭೂಸೇನೆ 550 ಗನ್ನುಗಳಿಗೆ ಬೇಡಿಕೆ ಸಲ್ಲಿಸಿತು. ಪರವಾನಗಿಯುಳ್ಳ ಇಂಥ ಸಂಸ್ಥೆಗೆ ಉಪಗುತ್ತಿಗೆಯಲ್ಲಿ ಭಾಗಗಳನ್ನು ಒದಗಿಸುವಾಗಲೂ, ತನ್ನ ಘಟಕಕ್ಕೆ ಪ್ರತ್ಯೇಕ ಪರವಾನಗಿ ಬೇಕೇ ಎಂಬುದನ್ನು ಖರೀದಿ ಆದೇಶದ ಮುನ್ನವೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕು. ರಫ್ತಾದರೆ ಸ್ಕೋಮೆಟ್ ಪಟ್ಟಿಯ 6ನೇ ವರ್ಗದ ಅಡಿಯಲ್ಲಿ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಅಗತ್ಯ. ಅಮೆರಿಕದಿಂದ ಮಾದರಿ ಸಾಧನ ತರಿಸಿಕೊಂಡು ನೋಡೋಣವೆಂಬ ಯೋಚನೆಯಿದ್ದರೆ, ಸಪ್ರೆಸರ್ ಇಂದಿಗೂ ಆ ದೇಶದ ಯುದ್ಧಸಾಮಗ್ರಿ ಪಟ್ಟಿಯಲ್ಲಿಯೇ ಇದ್ದು, ಅಲ್ಲಿನ ವಿದೇಶಾಂಗ ಇಲಾಖೆಯ ಪರವಾನಗಿಯಿಲ್ಲದೆ ಹೊರಬರುವಂತಿಲ್ಲ. ತಾಂತ್ರಿಕ ನಕ್ಷೆಯನ್ನು ಇ-ಮೇಲ್ ಮೂಲಕ ಪಡೆಯುವುದಕ್ಕೂ ಇದೇ ನಿರ್ಬಂಧ ಅನ್ವಯಿಸುತ್ತದೆ.